ಫಿಶ್ ಟ್ಯಾಂಕ್‌ನಲ್ಲಿ ಹಾವು: ಬಳ್ಳಾರಿ ಬಿಸಿಲಿಗೆ ಎಲ್ಲಿ ಕೆಡುತ್ತದೆ, ಹೇಗೆ ಪತ್ತೆ ಹಚ್ಚುವುದು

ಏಪ್ರಿಲ್ ತಿಂಗಳು. ಮೂರು ದಿನದಿಂದ ನಮ್ಮ ಗುಂಡ ನೀರಿನ ಬಟ್ಟಲು ಬಿಟ್ಟು ಎದ್ದಿರಲಿಲ್ಲ. ಗುಂಡ ಅಂದರೆ ನಮ್ಮ ಮನೆಯ ಬಾಲ್ ಪೈಥಾನ್. ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಅದು ಇರುವುದು ಮೂರು ಅಡಿ ಉದ್ದದ ಹಳೆಯ ಫಿಶ್ ಟ್ಯಾಂಕ್‌ನಲ್ಲಿ. ಒಂದು ಮೂಲೆಯಲ್ಲಿ ನೀರು ಸೋರುತ್ತಿತ್ತು ಅಂತ ಮಾಳಿಗೆ ಮೇಲೆ ಬಿದ್ದಿದ್ದ ಟ್ಯಾಂಕ್ ಅದು. ಹಾವಿಗೆ ಸೋರಿದರೇನು, ಗಾಜು ಗಟ್ಟಿ ಇದ್ದರೆ ಸಾಕು ಅಂತ ಕೆಳಗೆ ಇಳಿಸಿದ್ದೆ.

ಹಾವು ನೀರಲ್ಲೇ ಮಲಗಿದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಪೊರೆ ಬಿಡುವ ಹೊತ್ತು ಬಂದಿರಬೇಕು. ಇಲ್ಲಾ ಮೈಗೆ ನುಸಿ ಹತ್ತಿರಬೇಕು. ಇಲ್ಲಾ ಬಿಸಿ ತಡೆಯಲಾಗದೆ ನೀರಿಗೆ ಇಳಿದಿರಬೇಕು. ಕಣ್ಣು ನೋಡಿದೆ, ತಿಳಿಯಾಗಿತ್ತು. ಪೊರೆ ಬಿಡುವ ಮುಂಚೆ ಕಣ್ಣು ಹಾಲು ಬೆರೆತ ಹಾಗೆ ಮಂಕಾಗುತ್ತದೆ. ಬಟ್ಟಲಿನ ನೀರನ್ನು ಬಿಳಿ ತಟ್ಟೆಗೆ ಸುರಿದು ನೋಡಿದೆ. ನುಸಿ ಇದ್ದಿದ್ದರೆ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕಿಗಳು ತೇಲಬೇಕಿತ್ತು. ಒಂದೂ ಇರಲಿಲ್ಲ. ಉಳಿದದ್ದು ಬಿಸಿ. ಆದರೆ ಗಾಜಿಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ 31 ಡಿಗ್ರಿ ತೋರಿಸುತ್ತಿತ್ತು. ಅದನ್ನು ನಂಬಿ ಎರಡು ದಿನ ಸುಮ್ನೆ ಕಳೆದೆ.

ಮೂರನೇ ದಿನ ಎಸಿ ರಿಪೇರಿ ಮಾಡುವ ಹುಡುಗನನ್ನು ಕರೆದೆ. ಅವನ ಹತ್ತಿರ ದೂರದಿಂದಲೇ ಶಾಖ ಅಳೆಯುವ ಗನ್ ಇದೆ. ಹಾಸು ಸರಿಸಿ ತಳದ ಗಾಜಿಗೆ ಹಿಡಿದ. "ಅಣ್ಣಾ, ಇದು ಒಲೆ ಆಗೈತಿ ನೋಡ್ರಿ" ಅಂದ. ತಳ 46 ಡಿಗ್ರಿ ಇತ್ತು. ಟ್ಯಾಂಕ್ ಕೆಳಗೆ ಕರೆಂಟಿನಿಂದ ಕಾಯುವ ಹಾಳೆ ಇದೆ, ಅದೇ ಹೀಟ್ ಮ್ಯಾಟ್. ಬೇಕಾದಷ್ಟು ಬಿಸಿಯಾದ ಕೂಡಲೇ ಅದನ್ನು ಆರಿಸುವುದು ಥರ್ಮೋಸ್ಟ್ಯಾಟ್. ಆ ಥರ್ಮೋಸ್ಟ್ಯಾಟ್‌ನ ಸೆನ್ಸರ್ ತುದಿಯನ್ನು ನಾನು ಸೆಲೋಟೇಪ್ ಹಚ್ಚಿ ಕೂರಿಸಿದ್ದೆ. ಬಿಸಿಗೆ ಟೇಪ್ ಬಿಟ್ಟುಕೊಂಡು, ಸೆನ್ಸರ್ ಸರಿದು ನೀರಿನ ಬಟ್ಟಲಿಗೆ ತಾಗಿ ನಿಂತಿತ್ತು. ಅದಕ್ಕೆ ಗೊತ್ತಾಗುತ್ತಿದ್ದದ್ದು ನೀರಿನ ತಂಪು ಮಾತ್ರ. ಇನ್ನೂ ಬಿಸಿ ಬೇಕು ಅಂತ ಹೀಟ್ ಮ್ಯಾಟನ್ನು ಒಂದು ಕ್ಷಣವೂ ಆರಿಸದೆ ಉರಿಸುತ್ತಿತ್ತು.

ಕಿತ್ತುಬಂದ ಟೇಪಿನ ಒಂದು ತುಂಡು ಗುಂಡನ ಹೊಟ್ಟೆಗೆ ಅಂಟಿತ್ತು. ಎಳೆದಿದ್ದರೆ ಹುರುಪೆ ಸಮೇತ ಬರುತ್ತಿತ್ತು. ಹತ್ತಿಯನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ, ಟೇಪಿನ ಅಂಚಿಗೆ ಹಚ್ಚುತ್ತಾ ಹೋದೆ. ಎಣ್ಣೆ ಒಳಗೆ ಇಳಿದಷ್ಟು ಟೇಪ್ ತಾನಾಗಿ ಬಿಟ್ಟುಕೊಟ್ಟಿತು. ತಲೆಯ ಕಡೆಯಿಂದ ಬಾಲದ ಕಡೆಗೆ, ಹುರುಪೆ ಮಲಗಿರುವ ದಿಕ್ಕಿಗೇ ಬಿಡಿಸಬೇಕು. ಎರಡು ಇಂಚು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತಿನಿಂದ ಹಾವಿನ ಮನೆಯೊಳಗೆ ಅಂಟುವ ಟೇಪ್ ಒಂದು ಚೂರೂ ಇಟ್ಟಿಲ್ಲ. ನೀವೂ ಇಡಬೇಡಿ.

ಅಲ್ಲಿಂದ ಈಚೆಗೆ ಏನೇ ಕೆಟ್ಟರೂ ನಾನು ಹುಡುಕುವುದು ಒಂದೇ ಕಡೆಯಿಂದ. ಫಿಶ್ ಟ್ಯಾಂಕ್ ಅಂದರೆ ಒಳಗಿದ್ದದ್ದನ್ನು ಹೊರಗೆ ಬಿಡದ ಹಾಗೆ ಮಾಡಿದ ಪೆಟ್ಟಿಗೆ. ತಳ ಮತ್ತು ನಾಲ್ಕು ಗೋಡೆ ಗಾಜು, ಬಾಯಿ ಮಾತ್ರ ಮೇಲಕ್ಕೆ. ನೀರು ಇದ್ದಾಗ ಅದೇ ಬೇಕಿತ್ತು. ಹಾವು ಇದ್ದಾಗ ಅದೇ ಗೋಡೆಗಳು ಬಿಸಿಯನ್ನು, ಹಸಿಯನ್ನು, ವಾಸನೆಯನ್ನು ಹಿಡಿದಿಡುತ್ತವೆ. ಇನ್ನೊಂದು ಮಾತು. ಹಾವು ಸಾಕುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದದ್ದು. ಹೇಗೆ ಬೆಚ್ಚಗಿಡುವುದು ಅನ್ನುವುದೇ ಅವರ ಚಿಂತೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ವರ್ಷದ ನಾಲ್ಕು ತಿಂಗಳು ನಮ್ಮ ಚಿಂತೆ ಅದರ ಉಲ್ಟಾ.

ಯಾವ ಹಾವು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಲದಲ್ಲಿ ಸಿಕ್ಕ ಕೇರೆ ಹಾವು, ಮಣ್ಣುಮುಕ್ಕ, ಹೆಬ್ಬಾವಿನ ಮರಿ, ಇವು ಯಾವುದನ್ನೂ ಟ್ಯಾಂಕ್‌ಗೆ ಹಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ನಾಡಿನ ಹಾವು ಹಿಡಿದು ಸಾಕುವುದು ಅಪರಾಧ. ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್ ಆಫ್ರಿಕಾದ್ದು. ಆದರೂ ಸೈಟಿಸ್ (ಕಾಡುಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಕಾಗದ ಇಲ್ಲದ ಹಾವನ್ನು ಯಾರು ಕೊಟ್ಟರೂ ತರಬೇಡಿ. ಮುಂದೆ ಹೇಳುವ ಡಿಗ್ರಿ ಲೆಕ್ಕವೆಲ್ಲ ಬಾಲ್ ಪೈಥಾನ್‌ದು.

ಮೊದಲು ಅಳತೆ, ಆಮೇಲೆ ರಿಪೇರಿ

ಏನಾದರೂ ಕೆಟ್ಟಿದೆ ಅನ್ನಿಸಿದ ಕೂಡಲೇ ಹಾಸು ಬದಲಿಸಿ, ಬಟ್ಟಲು ಸರಿಸಿ, ಮ್ಯಾಟ್ ಆಫ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಮಾಡಲು ಕೈ ಹೋಗುತ್ತದೆ. ಹಾಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತೇ ಆಗುವುದಿಲ್ಲ, ಮುಂದಿನ ಸಲ ಮತ್ತೆ ಕತ್ತಲಲ್ಲಿ ತಡಕಾಡಬೇಕು. ಅಪಾಯ ಇದ್ದರೆ ಮಾತ್ರ ತಕ್ಷಣ ಮ್ಯಾಟ್ ಆರಿಸಿ. ಇಲ್ಲದಿದ್ದರೆ ಒಂದು ದಿನ ಬರೀ ಬರೆದುಕೊಳ್ಳಿ. ಬೆಳಗ್ಗೆ 6, ಮಧ್ಯಾಹ್ನ 3, ರಾತ್ರಿ 8, ರಾತ್ರಿ 11. ಬಿಸಿ ಕಡೆ ಎಷ್ಟು, ತಂಪು ಕಡೆ ಎಷ್ಟು, ತೇವಾಂಶ ಎಷ್ಟು, ಕೋಣೆ ಎಷ್ಟು.

ಬೇಕಾದದ್ದು ಇಷ್ಟು. ಬಿಸಿ ಕಡೆ ಹಾಸಿನ ಮೇಲೆ 31ರಿಂದ 33 ಡಿಗ್ರಿ. ತಂಪು ಕಡೆ 25ರಿಂದ 27. ತೇವಾಂಶ ಶೇ. 55ರಿಂದ 65, ಪೊರೆ ಬಿಡುವಾಗ 70ರ ಮೇಲೆ. ತಂಪು ಕಡೆ 30 ದಾಟಿದರೆ ಎಚ್ಚರ. ಟ್ಯಾಂಕ್‌ನಲ್ಲಿ ಎಲ್ಲಿ ನೋಡಿದರೂ 35 ಇದ್ದರೆ ಹಾವಿಗೆ ಓಡಿಹೋಗಲು ಜಾಗ ಇಲ್ಲ ಅಂತಲೇ ಅರ್ಥ. ಆಗ ಅದನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು ಮನೆಯ ತಂಪಾದ ಮೂಲೆಗೆ ಒಯ್ಯಿರಿ. ಟ್ಯಾಂಕ್ ತಪಾಸಣೆ ಆಮೇಲೆ ನಿಧಾನವಾಗಿ ಮಾಡಬಹುದು.

ಅಳೆಯುವ ಸಾಧನವೇ ಸುಳ್ಳು ಹೇಳುತ್ತಿರಬಹುದು. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ಅಳೆಯುವುದು ಅರ್ಧ ಅಡಿ ಮೇಲಿನ ಗಾಜಿನ ಶಾಖ. ಹಾವು ಇರುವುದು ತಳದಲ್ಲಿ. ವೈರ್ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ, ಎರಡು ಕಡೆಗೆ ಒಂದೊಂದು. ಐಸ್ ಪುಡಿಗೆ ಸ್ವಲ್ಪ ನೀರು ಬೆರೆಸಿ ಸೆನ್ಸರ್ ಅದ್ದಿದರೆ 0 ಅಥವಾ ಅದರ ಆಸುಪಾಸು ತೋರಿಸಬೇಕು. ತೇವಾಂಶದ ಮೀಟರ್ ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಒಂದು ಮುಚ್ಚಳದಷ್ಟು ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮಾಡಿ. ಕರಗಬಾರದು, ಮೆತ್ತಗಾಗಬೇಕು ಅಷ್ಟೇ. ಅದನ್ನೂ ಮೀಟರನ್ನೂ ಒಂದು ಜಿಪ್ ಕವರ್‌ನಲ್ಲಿ ಗಾಳಿ ಹೋಗದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ತೋರಿಸಬೇಕು. ನನ್ನದು 67 ತೋರಿಸಿತು. ಅಂದಿನಿಂದ ಅದು ತೋರಿಸಿದ್ದಕ್ಕೆ 8 ಸೇರಿಸಿ ಓದುತ್ತೇನೆ. ಜ್ವರ ನೋಡುವ ಗನ್ ಇದಕ್ಕೆ ಬರುವುದಿಲ್ಲ. ಅದು ಹಣೆಯ ಶಾಖವನ್ನು ಒಳಗಿನ ಜ್ವರಕ್ಕೆ ಹೊಂದಿಸಿ ತೋರಿಸುತ್ತದೆ.

ಬಿಸಿ ಜಾಸ್ತಿ ಆಗುತ್ತಿದ್ದರೆ

ಮೊದಲು ಮ್ಯಾಟ್‌ನ ಪ್ಲಗ್ ತೆಗೆದು ಎರಡು ಗಂಟೆ ಬಿಡಿ. ಟ್ಯಾಂಕ್ ತಣ್ಣಗಾಗಿ ಕೋಣೆಯ ಶಾಖಕ್ಕೆ ಬಂದರೆ ತಪ್ಪು ಮ್ಯಾಟ್ ಕಡೆಯದು. ಮ್ಯಾಟ್ ಆರಿಸಿದರೂ 34, 35 ಇದ್ದರೆ ತಪ್ಪು ಕೋಣೆಯದು. ಈ ಒಂದು ಪರೀಕ್ಷೆಯಲ್ಲೇ ಅರ್ಧ ಗೊಂದಲ ಮುಗಿಯುತ್ತದೆ.

ಮ್ಯಾಟ್ ಕಡೆಯ ತಪ್ಪಾದರೆ ಥರ್ಮೋಸ್ಟ್ಯಾಟ್ ನೋಡಿ. ಹೆಚ್ಚಿನವರ ಹತ್ತಿರ ಇರುವುದು ಕೋಳಿ ಮೊಟ್ಟೆ ಇನ್‌ಕ್ಯುಬೇಟರ್‌ಗೂ ಹಾಕುವ ಎಸ್‌ಟಿಸಿ-1000 ನಮೂನೆಯದು. ಸೆನ್ಸರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ. ಅಂಕಿ ಮೇಲೇರಬೇಕು. ನೀವು ಇಟ್ಟ ಡಿಗ್ರಿ ದಾಟಿದಾಗ ಒಳಗೆ ಟಕ್ ಅಂತ ಸದ್ದಾಗಿ ಮ್ಯಾಟ್ ಆರಬೇಕು. ಅಂಕಿ ಏರದಿದ್ದರೆ ಸೆನ್ಸರ್ ಹೋಗಿದೆ. ಅಂಕಿ ಏರಿ, ಟಕ್ ಅಂದು, ಆದರೂ ಮ್ಯಾಟ್ ಬಿಸಿಯಾಗುತ್ತಲೇ ಇದ್ದರೆ ರಿಲೇ, ಅಂದರೆ ಕರೆಂಟ್ ಬಿಟ್ಟು ನಿಲ್ಲಿಸುವ ಒಳಗಿನ ಸ್ವಿಚ್, ಅಂಟಿಕೊಂಡಿದೆ. ಹಾಗಿದ್ದರೆ ರಿಪೇರಿಗೆ ಕೂರಬೇಡಿ, ಹೊಸದು ಹಾಕಿಸಿ. ಎರಡೂ ಸರಿ ಇದ್ದರೆ ಸೆನ್ಸರ್ ಇಟ್ಟ ಜಾಗ ತಪ್ಪು. ಅದು ಮ್ಯಾಟ್‌ಗೂ ಟ್ಯಾಂಕ್ ತಳದ ಗಾಜಿಗೂ ನಡುವೆ, ಹೊರಗಡೆ ಇರಬೇಕು. ಒಳಗೆ ಇಟ್ಟರೆ ಹಾವು ಸರಿಸುತ್ತದೆ, ಇಲ್ಲವೇ ಅದರ ಮೇಲೆ ನೀರು ಚೆಲ್ಲುತ್ತದೆ.

ಆಮೇಲೆ ಹಾಸಿನ ದಪ್ಪ. ಮೂರು ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿದರೆ ಮೇಲೆ ಕೈ ಇಟ್ಟಾಗ ತಣ್ಣಗೆ ಅನ್ನಿಸುತ್ತದೆ. ಆಗ ನಾವು ಥರ್ಮೋಸ್ಟ್ಯಾಟ್ ಏರಿಸುತ್ತೇವೆ. ಶಾಖ ಮೇಲೆ ಬರಲಾಗದೆ ತಳದ ಗಾಜಿನಲ್ಲೇ ಕೂರುತ್ತದೆ. ಹಾವು ಬೆಚ್ಚಗಿನ ಜಾಗ ಹುಡುಕುತ್ತಾ ಹಾಸನ್ನು ತೋಡಿ ಆ ಗಾಜಿನ ಮೇಲೇ ಮಲಗುತ್ತದೆ. ಹೊಟ್ಟೆ ಸುಡುತ್ತಿದ್ದರೂ ಹಾವು ಬೇಗ ಎದ್ದು ಹೋಗುವುದಿಲ್ಲ. ಮ್ಯಾಟ್ ಇರುವ ಕಡೆ ಹಾಸು ಒಂದು ಇಂಚು ದಾಟದಿರಲಿ. ಮ್ಯಾಟ್ ಟ್ಯಾಂಕ್ ತಳದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು. ಟ್ಯಾಂಕ್‌ನ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಕೊಟ್ಟು ಕಾಲು ಇಂಚು ಎತ್ತರಿಸಿ. ಪ್ಲೈವುಡ್ ಮೇಲೆ ನೇರವಾಗಿ ಕೂತರೆ ಶಾಖ ಸಿಕ್ಕಿಕೊಂಡು ಗಾಜು ಬಿರಿಯಬಹುದು. ಮೀನಿಗೆ ಬಳಸುತ್ತಿದ್ದ ನೀರಿನ ಹೀಟರ್ ಇದ್ದರೆ ಎತ್ತಿಡಿ. ಅದು ನೀರಲ್ಲಿ ಮುಳುಗಿರಬೇಕಾದ ವಸ್ತು, ಹೊರಗೆ ಉರಿಸಿದರೆ ಒಡೆಯುತ್ತದೆ.

ಕೋಣೆಯ ತಪ್ಪಾದರೆ ಥರ್ಮೋಸ್ಟ್ಯಾಟ್ ಏನೂ ಮಾಡಲಾರದು. ಅದಕ್ಕೆ ಬಿಸಿ ನಿಲ್ಲಿಸಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಮುಟ್ಟುವುದು ಹೊಸದಲ್ಲ. ಮಾಳಿಗೆ ಇಡೀ ದಿನ ಕಾದು, ಸಂಜೆಯಾದ ಮೇಲೆ ಆ ಕಾವನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ನನ್ನ ಪಟ್ಟಿಯಲ್ಲಿ ಅತಿ ಬಿಸಿ ಹೊತ್ತು ಮಧ್ಯಾಹ್ನ 3 ಅಲ್ಲ, ರಾತ್ರಿ 8. ಮೇಲಿನ ಮಹಡಿಯಲ್ಲಿ ಟ್ಯಾಂಕ್ ಇಟ್ಟವರು ಮಧ್ಯಾಹ್ನ ನೋಡಿ ಪರವಾಗಿಲ್ಲ ಅಂದುಕೊಳ್ಳುತ್ತಾರೆ, ತಪ್ಪುವುದು ಅಲ್ಲೇ.

ಕೆಳಗಿನ ಮನೆಗೆ, ನೆಲದ ಹತ್ತಿರಕ್ಕೆ, ಪಡುವಣ ಗೋಡೆಯಿಂದ ದೂರಕ್ಕೆ ಟ್ಯಾಂಕ್ ಸರಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರಿನ ಕೂಲರ್ ಇದ್ದರೆ ಇನ್ನೂ ಒಳ್ಳೆಯದು, ಒಣ ಬೇಸಿಗೆಯಲ್ಲಿ ಅದು ತಂಪನ್ನೂ ಕೊಡುತ್ತದೆ, ತೇವಾಂಶವನ್ನೂ ಕೊಡುತ್ತದೆ. ನೇರ ಟ್ಯಾಂಕ್ ಮೇಲೆ ಮಾತ್ರ ಬೀಸಬಾರದು. ಬರೀ ಫ್ಯಾನ್ ಹಾಕಿ ತಂಪಾಯಿತು ಅಂದುಕೊಳ್ಳಬೇಡಿ. ನಮಗೆ ಬೆವರು ಆರುತ್ತದೆ, ಹಾವಿಗೆ ಬೆವರೇ ಇಲ್ಲ. ಕರೆಂಟ್ ಹೋದಾಗ ನಾನು ಮಾಡುವುದು ಇದು. ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ, ತಂಪು ಕಡೆಯ ಜಾಲರಿ ಮುಚ್ಚಳದ ಮೇಲೆ ಮಲಗಿಸುತ್ತೇನೆ. ತಣ್ಣನೆಯ ಗಾಳಿ ಭಾರ, ಕೆಳಗಿಳಿದು ಟ್ಯಾಂಕ್ ತಳದಲ್ಲಿ ನಿಲ್ಲುತ್ತದೆ. ಒಳಗಿದ್ದದ್ದನ್ನು ಹೊರಗೆ ಬಿಡದ ಗುಣ ಇಲ್ಲಿ ನಮ್ಮ ಕಡೆಗೇ ಕೆಲಸ ಮಾಡುತ್ತದೆ. ಎಸ್‌ಟಿಸಿ-1000ದಲ್ಲಿ ತಂಪಿಗೂ ಒಂದು ರಿಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಅದಕ್ಕೆ ಕಂಪ್ಯೂಟರ್‌ನ ಸಣ್ಣ ಫ್ಯಾನ್ ಕೂಡಿಸಿ ಮುಚ್ಚಳಕ್ಕೆ ಹಾಕಿಸಿದರೆ ಒಳಗೆ ನಿಂತ ಬಿಸಿಗಾಳಿ ಹೊರಗೆ ಹೋಗುತ್ತದೆ. ಕೋಣೆ ಟ್ಯಾಂಕ್‌ಗಿಂತ ತಂಪಿದ್ದರೆ ಮಾತ್ರ ಇದರಿಂದ ಉಪಯೋಗ.

ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಮ್ಯಾಟ್ ಬೇಕೇ ಬೇಕು. ಮಾರ್ಚ್ ಬಂದ ಕೂಡಲೇ ದಿನಾ ಅಳತೆ ಮತ್ತೆ ಶುರು ಮಾಡಿ.

ಪೊರೆ ತುಂಡುತುಂಡಾಗಿ ಬಂದರೆ

ಸರಿಯಾಗಿ ಬಿಟ್ಟ ಪೊರೆ ಕಾಲುಚೀಲ ತಿರುಗಿಸಿದ ಹಾಗೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡು ಇರುತ್ತದೆ. ಚೂರುಚೂರಾಗಿ ಬಂದರೆ ಗಾಳಿ ಒಣಗಿದೆ ಅಂತ. ನಮ್ಮ ಬೇಸಿಗೆಯಲ್ಲಿ ಇದೇ ಮಾಮೂಲು. ಮೇಲೆ ಪೂರ್ತಿ ಜಾಲರಿ ಇದ್ದರೆ ಒಳಗಿನ ಹಸಿ ಬೆಚ್ಚಗಿನ ಗಾಳಿಯ ಜೊತೆ ನೆಟ್ಟಗೆ ಮೇಲಕ್ಕೆ ಹೋಗಿಬಿಡುತ್ತದೆ. ಜಾಲರಿಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಫಾಯಿಲ್ ಅಥವಾ ಅಕ್ರಿಲಿಕ್ ಹಾಳೆಯಿಂದ ಮುಚ್ಚಿ ಒಂದು ದಿನ ಅಳೆಯಿರಿ. ಸಾಲದಿದ್ದರೆ ನೀರಿನ ಬಟ್ಟಲನ್ನು ಬಿಸಿ ಕಡೆಗೆ ಹತ್ತಿರ ತನ್ನಿ, ಹೆಚ್ಚು ನೀರು ಆವಿಯಾಗುತ್ತದೆ. ಕೊಕೊಪೀಟ್‌ಗೆ ಮೂಲೆಯಲ್ಲಿ ನೀರು ಸುರಿದು ಕೆಳಪದರ ಒದ್ದೆ, ಮೇಲ್ಪದರ ಒಣಗಿರುವ ಹಾಗೆ ನೋಡಿಕೊಳ್ಳಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು.

ನನಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಮಣ್ಣಿನ ಮಡಕೆ. ಕುತ್ತಿಗೆ ಒಡೆದ ಸಣ್ಣ ಮಡಕೆಯ ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ, ಅಡ್ಡ ಮಲಗಿಸಿ, ಒಳಗೆ ಒದ್ದೆ ಪಾಚಿ ಹಾಕಿದೆ. ಕಣ್ಣು ಮಂಕಾದ ದಿನ ಗುಂಡ ಅದರೊಳಗೆ ಹೋದರೆ ಪೊರೆ ಬಿಟ್ಟೇ ಹೊರಗೆ ಬರುತ್ತದೆ.

ಪೊರೆ ಮೈಗೆ ಅಂಟಿ ಉಳಿದಿದ್ದರೆ, ಮೈ ಅರ್ಧ ಮುಳುಗುವಷ್ಟು ಉಗುರು ಬೆಚ್ಚಗಿನ ನೀರಲ್ಲಿ 20 ನಿಮಿಷ ಬಿಟ್ಟು, ಒದ್ದೆ ಬಟ್ಟೆಯ ನಡುವೆ ಹಾವು ತಾನಾಗಿ ತೆವಳಿಹೋಗಲು ಬಿಡಿ. ನೀರಲ್ಲಿರುವಾಗ ಪಕ್ಕದಿಂದ ಕದಲಬೇಡಿ. ಕಣ್ಣಿನ ಮೇಲಿನ ಪೊರೆಯನ್ನು ಉಗುರಿನಿಂದ ಕೀಳಲು ಹೋಗಬೇಡಿ, ಕಣ್ಣೇ ಹೋದೀತು.

ಇದರ ಉಲ್ಟಾ ಮಳೆಗಾಲದಲ್ಲಿ. ಬೆಳಗ್ಗೆ ಗಾಜಿಗೆ ಮಂಜು ಕಟ್ಟಿ ಮಧ್ಯಾಹ್ನವಾದರೂ ಬಿಡದಿದ್ದರೆ ಮುಚ್ಚಿದ ಜಾಲರಿ ತೆರೆಯಿರಿ, ಬಟ್ಟಲನ್ನು ತಂಪು ಕಡೆಗೆ ಸರಿಸಿ. ಹಾಸು ಸದಾ ಒದ್ದೆ ಇದ್ದರೆ ಹೊಟ್ಟೆಯ ಹುರುಪೆ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಲ್ಲಿ ಗೊರಗೊರ, ಮೂಗಲ್ಲಿ ಗುಳ್ಳೆ, ಇವು ಕಂಡರೆ ಅದು ಟ್ಯಾಂಕ್ ರಿಪೇರಿಯ ಮಾತಲ್ಲ, ಪಶುವೈದ್ಯರ ಕೆಲಸ. ಹಾವು ನೋಡಿ ಗೊತ್ತಿರುವ ವೈದ್ಯರು ನಮ್ಮ ಕಡೆ ಸಿಗುವುದು ಕಷ್ಟ. ಹಾವು ತರುವ ಮುಂಚೆಯೇ ಹುಡುಕಿ ನಂಬರ್ ಬರೆದಿಟ್ಟುಕೊಳ್ಳಿ. ಅಳತೆಯ ಪಟ್ಟಿ ಅವರಿಗೆ ಬಹಳ ಸಹಾಯವಾಗುತ್ತದೆ.

ತಿನ್ನುತ್ತಿಲ್ಲ

ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇರುವುದು ಉಂಟು, ಗಂಡು ಹಾವು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೇಕಾದರೂ ಇರುತ್ತದೆ. ಹಾಗಾಗಿ ಗಾಬರಿ ಬೇಡ, ತೂಕ ನೋಡುತ್ತಿರಿ. ಹತ್ತರಲ್ಲಿ ಒಂದು ಭಾಗ ತೂಕ ಇಳಿದರೆ ವೈದ್ಯರಿಗೆ ತೋರಿಸಿ. ಅಳತೆ ಎಲ್ಲ ಸರಿಯಿದ್ದೂ ತಿನ್ನದಿದ್ದರೆ ಗಾಜಿನ ಮೇಲೆ ಅನುಮಾನ ಪಡಿ. ಬಿಲದಲ್ಲಿ ಬದುಕುವ ಪ್ರಾಣಿ ಅದು. ನಾಲ್ಕೂ ಕಡೆ ಜನ ಓಡಾಡುವುದು ಕಾಣುತ್ತಿದ್ದರೆ ಬಾಯಿ ತೆರೆಯುವ ಧೈರ್ಯ ಬರುವುದಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಬಳ್ಳಾರಿಯಲ್ಲಿ ಅಂಥ ಮನೆಗಳಿಗೆ ಬರವಿಲ್ಲ. ಅವರ ಹತ್ತಿರ ಕಟಿಂಗ್‌ನಲ್ಲಿ ಉಳಿದ ದಪ್ಪ ಬಟ್ಟೆ ಕೇಳಿದೆ. "ಹಾವಿಗೂ ಪ್ಯಾಂಟ್ ಹೊಲಿಸ್ತೀರೇನು?" ಅಂತ ಅಕ್ಕ ನಗುತ್ತಾ ಒಂದು ಕಟ್ಟು ಕೊಟ್ಟರು. ಮೂರು ಕಡೆಯ ಗಾಜಿಗೆ ಹೊರಗಿನಿಂದ ಇಳಿಬಿಟ್ಟೆ. ಬಿಸಿ ಕಡೆ ಒಂದು, ತಂಪು ಕಡೆ ಒಂದು, ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಗೂಡು ಇಟ್ಟೆ. ಹನ್ನೊಂದನೇ ದಿನ ರಾತ್ರಿ ಗುಂಡ ಇಲಿ ಹಿಡಿಯಿತು. ತಿಂದ ಮೇಲೆ ಎರಡು ದಿನ ಎತ್ತಬೇಡಿ. ಎತ್ತಿದರೆ ಕಕ್ಕಬಹುದು. ಬಿಸಿ ಸಾಲದಿದ್ದರೂ, ಜಾಸ್ತಿಯಾದರೂ ಕಕ್ಕುತ್ತದೆ. ಕಕ್ಕಿದ ಮೇಲೆ ಎರಡು ವಾರ ಏನೂ ಕೊಡಬೇಡಿ.

ಹಳೆಯ ಟ್ಯಾಂಕ್ ಬಿಟ್ಟುಹೋದದ್ದು

ಬೋರ್ ನೀರಿನ ಬಿಳಿ ಕಲೆ ಹಾವಿಗೆ ಏನೂ ಮಾಡುವುದಿಲ್ಲ, ಆದರೆ ಅದರ ಕೆಳಗೆ ಹಳೆಯ ಕೊಳೆ ಕೂತಿರುತ್ತದೆ. ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ರಾತ್ರಿಯಿಡೀ ಅಂಟಿಸಿಟ್ಟರೆ ಬೆಳಗ್ಗೆ ಕೆರೆದರೆ ಬರುತ್ತದೆ. ಚೆನ್ನಾಗಿ ತೊಳೆದ ಮೇಲೆ ಬೇರೆ ದಿನ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಒರೆಸಿ, ಮತ್ತೆ ತೊಳೆದು ಬಿಸಿಲಿಗಿಡಿ. ವಿನಿಗರ್, ಬ್ಲೀಚ್ ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ, ಒಟ್ಟಿಗೆ ಬಳಸಲೇಬೇಡಿ. ನೀರಿಗೆ ಹಾಕಿದರೆ ಬೆಳ್ಳಗಾಗುವ ಫಿನಾಯಿಲ್, ನುಸಿಗುಳಿಗೆ, ದೇವದಾರು ಮರದ ಹೊಟ್ಟು ಹಾವಿಗೆ ಆಗುವುದಿಲ್ಲ. ತೊಳೆದರೂ ವಾಸನೆ ಹೋಗದಿದ್ದರೆ ಮೂಲೆಯ ಸಿಲಿಕೋನ್ ಮೂಸಿ ನೋಡಿ. ಕಪ್ಪಾಗಿ ಎದ್ದಿದ್ದರೆ ಕೆತ್ತಿ ತೆಗೆದು ಹೊಸದು ಹಚ್ಚಿಸಿ, ವಿನಿಗರ್‌ನಂಥ ವಾಸನೆ ಪೂರ್ತಿ ಹೋಗುವ ತನಕ ಹಾವು ಬಿಡಬೇಡಿ.

ಇರುವೆ ಸಾಲು ಟ್ಯಾಂಕ್‌ಗೆ ಹತ್ತಿದರೆ ಔಷಧಿ ಸಿಂಪಡಿಸಬೇಡಿ. ಹಿಂದೆ ಅಡುಗೆಮನೆಯ ಜಾಲರಿ ಬೀರುವಿನ ಕಾಲಿಗೆ ಮಾಡುತ್ತಿದ್ದರಲ್ಲ, ಹಾಗೆ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಆದರೂ ಬಂದರೆ ವೈರ್ ಹಿಡಿದು ಬರುತ್ತಿವೆ ಅಂತ ಅರ್ಥ.

ಮುಚ್ಚಳ

ಫಿಶ್ ಟ್ಯಾಂಕ್ ಜೊತೆ ಬರುವ ಲೈಟಿನ ಮುಚ್ಚಳ ಮೀನಿಗೆ ಸಾಕು. ಅದರ ಹಿಂದೆ ಪೈಪಿಗೆ ಬಿಟ್ಟ ಕಂಡಿ ಇರುತ್ತದೆ. ಹಾವಿನ ತಲೆ ತೂರಿದ ಕಡೆ ಮೈ ಪೂರ್ತಿ ತೂರುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕುವವರ ಹತ್ತಿರ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ, ನೈಲಾನ್ ಬೇಡ, ಸ್ಟೀಲ್ ಜಾಲರಿ ಹಾಕಿಸಿ. ನಾಲ್ಕು ಕಡೆಯೂ ಕ್ಲಿಪ್ ಬೇಕು. ಮೇಲೆ ಇಟ್ಟಿಗೆ ಹೇರುವುದು ಉಪಾಯವಲ್ಲ, ಸರಿದರೆ ಹಾವಿನ ಮೇಲೇ ಬೀಳುತ್ತದೆ. ಕೆಂಪು ಧೂಳಿನ ಕಡೆ ಇರುವವರು ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ. ಕಣ್ಣು ಮುಚ್ಚಿಹೋದ ಜಾಲರಿಯಿಂದ ಗಾಳಿ ಆಡುವುದಿಲ್ಲ, ಆಗ ತೇವಾಂಶದ ಲೆಕ್ಕವೆಲ್ಲ ಹೋಯಿತು.

ಮೂತಿಯ ತುದಿ ಕೆಂಪಗಾಗಿ ಸವೆದಿದ್ದರೆ ರಾತ್ರಿಯಿಡೀ ಜಾಲರಿಗೆ ಉಜ್ಜುತ್ತಿದೆ ಅಂತ. ಬಿಸಿ ನೋಡಿ, ಗೂಡು ನೋಡಿ, ಗಾಜಿನ ಮರೆ ನೋಡಿ. ಅದೆಲ್ಲ ಸರಿಯಿದ್ದರೆ ಕೊನೆಗೆ ಅಳತೆ ಪಟ್ಟಿ ತೆಗೆದು ಹಾವಿನ ಉದ್ದ ನೋಡಿ. ಟ್ಯಾಂಕ್‌ನ ಉದ್ದ, ಅಗಲ ಕೂಡಿಸಿದರೂ ಹಾವಿನ ಉದ್ದಕ್ಕೆ ಸಾಲದಿದ್ದರೆ ಆ ಟ್ಯಾಂಕ್‌ನ ಕೆಲಸ ಮುಗಿಯಿತು. ಗುಂಡನಿಗೆ ಈಗ ಮೂರೂವರೆ ಅಡಿ. ಬಡಗಿ ಹತ್ತಿರ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ ತಯಾರಾಗುತ್ತಿದೆ. ಮುಂದೆ ಸರಿಯುವ ಗಾಜು, ಎರಡೂ ಪಕ್ಕಕ್ಕೆ ಗಾಳಿ ಕಂಡಿ. ಫೆಬ್ರುವರಿ ಮುಗಿಯುವುದರೊಳಗೆ ಬೇಕು ಅಂತ ಹೇಳಿ ಬಂದಿದ್ದೇನೆ.